ತೊಟ್ಟಿಯ ಮೇಲಿನ ತಗಡು

ಅಕ್ಕಾ, ಈ ಊರಿನ ನೀರು ಒಗ್ಗಿದೆ, ಕಾರ್ಖಾನೆಯ ಮ್ಯಾನೇಜರ್ ಮಾತ್ರ ಒಗ್ಗುತ್ತಿಲ್ಲ. ಬಟ್ಟೆಗೆ ಬಣ್ಣ ಹಾಕಿ ಉಳಿದ ಕೆಂಪು ನೀರನ್ನು ಬಯಲಿನ ತೊಟ್ಟಿಗೆ ಬಿಡಿಸಿ, ಅದಕ್ಕೆ ಕುಲುಮೆಯಲ್ಲಿ ಕಾಯಿಸಿದ ಜಿಯೋಲೈಟ್ ಕಲ್ಲಿನ ಪುಡಿ ಬೆರೆಸಿಟ್ಟಿದ್ದೆ. ಬಿಸಿಲು ಬಿದ್ದರೆ ಅದು ಬಣ್ಣವನ್ನೇ ಒಡೆದುಹಾಕುತ್ತದೆ. ಬೆಳಿಗ್ಗೆ ನೋಡಿದರೆ ತೊಟ್ಟಿಯ ಮೇಲೆಲ್ಲ ತಗಡು! ಮಾಲೀಕರು ಬರುತ್ತಾರೆ, ಕೆಂಪು ನೀರು ಕಾಣಬಾರದೆಂದು ಆ ಮಹಾನುಭಾವನೇ ಮುಚ್ಚಿಸಿದ್ದಾನೆ. ಅದೂ ಸಾಲದೆಂದು, "ನಿಮ್ಮ ಪುಡಿ ಯಾವ ಕೆಲಸಕ್ಕೂ ಬರಲ್ಲ" ಎಂದು ನನ್ನ ಮೇಲೇ ಹಾರಾಡಿದ.

"ಕತ್ತಲಲ್ಲಿ ಅದೇನ್ರೀ ಮಾಡುತ್ತೆ?" ಎಂದು ತಗಡನ್ನೆಲ್ಲ ಎಳೆದು ಬಿಸಾಡಿದೆ. ಬೆರಳು ಕೊಯ್ದಿದೆ, ಇಂಜೆಕ್ಷನ್ ಹಾಕಿಸಿಕೊಂಡೆ, ಅಮ್ಮನಿಗೆ ಹೇಳಬೇಡ. ಸಂಜೆಗೆ ತೊಟ್ಟಿಯ ತಳ ಕಾಣುವಷ್ಟು ನೀರು ತಿಳಿಯಾಯಿತು. ಮಾಲೀಕರ ಜೊತೆ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವನು ಯಾರು? ಅವನೇ! ನನಗೆ ಹೇಳಿದ್ದೇನು ಗೊತ್ತೇ?

"ಸ್ವಲ್ಪ ಆಚೆ ಹೋಗ್ರೀ, ಬೆಳಕಿಗೆ ಅಡ್ಡ ನಿಂತಿದೀರ."

ನಿನ್ನ ಸಿಡುಕಿ