ಬುಡ್ಡಿ ಕಾಣದ ಹನ್ನೊಂದು ಬಾಟಲಿ

ಜೂನ್ 3, ಸೋಮವಾರ

ಏಳನೇ ಬಾಟಲಿ ತೆರೆದೆ. ಮಾದರಿ ಕೆಡದಂತೆ ಹಾಕಿದ್ದ ಫಾರ್ಮಲಿನ್ ತೊಳೆದು, ಎಂಟು ಪಾಲು ಮಾಡಿ, ಒಂದು ಪಾಲು ತಟ್ಟೆಗೆ ಸುರಿದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಬಿಸಿನೀರಿನ ಸಣ್ಣ ಸಮುದ್ರಜೀವಿಗಳು — 212. ಬುಡ್ಡಿ — ಸೊನ್ನೆ.

ಹೋದ ವರ್ಷ ಇದೇ ವಾರದ ಬಾಟಲಿಯಲ್ಲಿ 38 ಬುಡ್ಡಿ. ಪ್ಲಾಂಕ್ಟನ್‌ಗಳಲ್ಲಿ ದೊಡ್ಡ ಜಾತಿ ಅದು, ಅರ್ಧ ಅಕ್ಕಿಕಾಳಿನಷ್ಟು. ತಣ್ಣೀರಿನದು. ಮೈಯೊಳಗೆ ಎಣ್ಣೆಯ ಚೀಲ. ಮೀನುಮರಿಗಳು ಬದುಕುವುದೇ ಆ ಎಣ್ಣೆಯಿಂದ. ಬುಡ್ಡಿ ಎಂದು ಹೆಸರಿಟ್ಟವರು ಇವರು. ಪುಸ್ತಕದ ಹೆಸರು ನನ್ನ ಗಂಡನ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ.

ಬಲೆ ಇಳಿಸಿ ಬಾಟಲಿ ತುಂಬಿದವರೂ ಇವರೇ, ಚೀಟಿಯಲ್ಲಿ ಇವರದೇ ಕೈಬರಹ. ಆಳ: 100 ಮೀಟರ್. ಇವರು ತೀರಿಹೋಗಿ ಐವತ್ತೆರಡು ದಿನ. ಓದಿದೆ. ಏನೂ ಅನ್ನಿಸಲಿಲ್ಲ.

ಮನೆಗೆ ಬಂದರೆ ಅತ್ತೆಯದು ಅದೇ ಪ್ರಶ್ನೆ. "ಅವನ ಬಾಟಲಿ ಇನ್ನೆಷ್ಟು ಉಳೀತು?"

"ನಾಲ್ಕು, ಅತ್ತೆ."

"ನಿಧಾನಕ್ಕೆ ಮಾಡು. ಯಾರೇನು ಅಟ್ಟಿಸ್ಕೊಂಡು ಬರ್ತಿಲ್ವಲ್ಲ."

ಜೂನ್ 6, ಗುರುವಾರ

ಎಂಟು — ಸೊನ್ನೆ. ಒಂಬತ್ತು — ಸೊನ್ನೆ. ಊಟದ ಡಬ್ಬಿ ತೆರೆಯದೆ ವಾಪಸ್ ತಂದೆ. ಅತ್ತೆ ನೋಡಿದರು, ತೊಳೆಯಲು ಹಾಕಿದರು.

ಜೂನ್ 10, ಸೋಮವಾರ

ಮುಗಿಯಿತು. ಹನ್ನೊಂದು ವಾರ, ಹನ್ನೊಂದು ಬಾಟಲಿ, ಹನ್ನೊಂದು ಸೊನ್ನೆ. ಇವರು ಕೊನೆಯದಾಗಿ ಬಲೆ ಇಳಿಸಿದ ಮಂಗಳವಾರದವರೆಗೂ ಅಷ್ಟೇ. ಆಮೇಲೆ ಆಸ್ಪತ್ರೆ. ಆಮೇಲೆ ದೋಣಿ ಕಟ್ಟಿಹಾಕಿದ್ದು ಕಟ್ಟಿಹಾಕಿದಂತೆಯೇ ಇದೆ.

ಮೇಡಂ ರಿಜಿಸ್ಟರ್ ತಿರುಗಿಸಿ ತಿರುಗಿಸಿ ನೋಡಿದರು. ಲ್ಯಾಬ್ ಶುರುವಾದಾಗಿನಿಂದ ಇಲ್ಲಿರುವವರು.

"ಮೂವತ್ತೊಂದು ವರ್ಷದಲ್ಲಿ ಹೀಗಾಗಿಲ್ಲ. ನೀರು ಬಿಸಿ ಆಗ್ತಿದೆ, ಒಪ್ಪಿದೆ. ಕಮ್ಮಿ ಆಗ್ಲಿ. ಒಂದೂ ಇಲ್ಲ ಅಂದ್ರೆ?" ರಿಜಿಸ್ಟರ್ ಮುಚ್ಚಿ ಕೇಳಿದರು. "ಬಲೆ ನೂರು ಮೀಟರ್ ಹೋಗಿತ್ತಾ? ತಪ್ಪು ತಿಳ್ಕೋಬೇಡಿ. ಅವರ ಆರೋಗ್ಯ ನಿಮಗೇ ಗೊತ್ತಲ್ಲ."

ಗೊತ್ತು. ಬುಡ್ಡಿಗಳು ಹಗಲಲ್ಲಿ ಆಳದಲ್ಲಿರುತ್ತವೆ, ಕತ್ತಲಾದರೆ ಮೇಲಕ್ಕೆ ಬರುತ್ತವೆ. ಇವರು ಬಲೆ ಎಳೆಯುವುದು ಹಗಲಲ್ಲಿ. ಐವತ್ತಕ್ಕೇ ನಿಲ್ಲಿಸಿದ್ದರೆ ಒಂದೂ ಸಿಗುವುದಿಲ್ಲ. ಆಳದ ಮೀಟರ್ ಕೆಟ್ಟು ವರ್ಷವಾಗಿದೆ. ಹಗ್ಗದ ಮೇಲಿನ ಬಣ್ಣದ ಗುರುತೇ ಗತಿ. ಆ ತಿಂಗಳುಗಳಲ್ಲಿ ಇವರ ಅಂಗಿಯ ಗುಂಡಿ ಹಾಕುತ್ತಿದ್ದವಳು ನಾನು. ಡಬ್ಬಿಯ ಮುಚ್ಚಳ ತೆಗೆಯಲಾಗದ ಕೈ ನೂರು ಮೀಟರ್ ಹಗ್ಗ ಎಳೆದೀತೇ?

"ಗೊತ್ತಿಲ್ಲ ಮೇಡಂ" ಎಂದೆ. ಅವರ ಅನುಮಾನಕ್ಕೆ ಅಷ್ಟು ಸಾಕಾಯಿತು.

ಜೂನ್ 11, ಮಂಗಳವಾರ

ಹನ್ನೊಂದು ಸಾಲಿಗೂ ಕೆಂಪು ಇಂಕಿನಲ್ಲಿ ಬರೆದೆ: ಶಂಕೆ. ಶಂಕೆ ಬಿದ್ದ ಸಾಲು ಚಾರ್ಟಿಗೆ ಹೋಗುವುದಿಲ್ಲ. ಹತ್ತು ನಿಮಿಷದ ಕೆಲಸ.

ತಪ್ಪನ್ನು ಸತ್ತವರ ತಲೆಗೆ ಕಟ್ಟುವುದು ಸುಲಭ, ಅವರು ತಿರುಗಿ ಮಾತಾಡುವುದಿಲ್ಲ. ಅದೂ ಅಲ್ಲದೆ... ಇವರು ಸುಳ್ಳು ಬರೆದಿದ್ದರೆ ಬುಡ್ಡಿಗಳು ಕೆಳಗೆ ಸುಖವಾಗಿವೆ ಎಂದರ್ಥ. ಹಾಗೇ ಇರಲಿ ಎಂದುಕೊಂಡೆ.

ಎಂಜಿನಣ್ಣನನ್ನು ಕೇಳಬಹುದಿತ್ತು. ದೋಣಿಯ ಎಂಜಿನ್ ನೋಡಿಕೊಳ್ಳುವವರು, ಇಪ್ಪತ್ತು ವರ್ಷ ಇವರ ಜೊತೆಗಿದ್ದವರು. ಗೆಳೆಯನನ್ನು ಬಿಟ್ಟುಕೊಟ್ಟಾರೆಯೇ? ಕೇಳಲಿಲ್ಲ.

ಅತ್ತೆಗೂ ಹೇಳಲಿಲ್ಲ. "ಮುಗೀತಾ?" ಅಂದರು. ಹೂಂ ಅಂದೆ.

ಜೂನ್ 18, ಮಂಗಳವಾರ

ದೋಣಿ ಹೊರಟಿತು. ಹಗ್ಗ ಎಣಿಸಲು ನಾನೇ ಹೋದೆ. ಎರಡು ಸಲ ವಾಂತಿ. ಹತ್ತು, ಇಪ್ಪತ್ತು, ಮೂವತ್ತು... ನೂರನೇ ಗುರುತು ನೀರಿಗೆ ತಾಗಿದ್ದನ್ನು ನನ್ನ ಕಣ್ಣಿಂದ ನೋಡಿದೆ.

ಎಂಜಿನಣ್ಣ ಹಗ್ಗ ಎಳೆಯುತ್ತಾ ನಕ್ಕರು. "ನೀನೂ ಅವನ ಥರಾನೇ ನೋಡ್ತೀಯಲ್ಲ ತಂಗಿ."

"ಯಾವ ಥರ?"

"ಕೊನೆಕೊನೆಗೆ ಅವನ ಕೈಲಿ ಆಗ್ತಿರ್ಲಿಲ್ಲ. ನಾನೇ ಎಳೀತಿದ್ದೆ. ಅವನು ಇಲ್ಲೇ ಕೂತ್ಕೊಂಡು ಗುರುತು ನೋಡೋನು. ಒಂದಿನ ತೊಂಬತ್ತಕ್ಕೆ ಸಾಕು ಮಾರಾಯ ಅಂದೆ. ನಿಮ್ಮಪ್ಪನ ಮನೆ ಸಮುದ್ರಾನಾ ಅಂತ ಬೈದ. ಪೂರ್ತಿ ಇಳಿಸಿಯೇ ಬಿಟ್ಟದ್ದು."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಜೂನ್ 19, ಬುಧವಾರ

ಪಾಲು ಮಾಡಲಿಲ್ಲ. ಇಡೀ ಬಾಟಲಿ ಎಣಿಸಿದೆ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಬಿಸಿನೀರಿನ ಸಣ್ಣವು — 1,904. ಬುಡ್ಡಿ — ಸೊನ್ನೆ.

ಜೂನ್ 25, ಮಂಗಳವಾರ

ಮತ್ತೆ ಹೋದೆವು. ನೂರಕ್ಕೆ ಒಂದು ಸಲ, ಇದ್ದಷ್ಟೂ ಹಗ್ಗ ಬಿಟ್ಟು ನೂರೈವತ್ತಕ್ಕೆ ಇನ್ನೊಂದು ಸಲ. ಬಲೆಯ ತುದಿಯ ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಬುಡ್ಡಿ ಇದ್ದರೆ ಬರಿಗಣ್ಣಿಗೇ ಕಾಣುತ್ತದೆ. ಒಂದೂ ಇರಲಿಲ್ಲ. ಎಂಜಿನಣ್ಣ ದೋಣಿ ತಿರುಗಿಸಿದರು.

ಜೂನ್ 27, ಗುರುವಾರ

ಎರಡು ಬಾಟಲಿಯೂ ಪೂರ್ತಿ ಎಣಿಸಿ ಮುಗಿಯಿತು. ಎರಡರಲ್ಲೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿಬಿಟ್ಟೆ. ಮೇಡಂ ಕೇಳಿದ್ದು, ನಾನು ಗೊತ್ತಿಲ್ಲ ಎಂದದ್ದು, ಕೆಂಪು ಇಂಕು, ದೋಣಿ, ಎಲ್ಲ. ಕೊನೆಗೆ, "ನಿಮ್ಮ ಮಗ ಸರಿಯಾಗೇ ಬರೆದಿದ್ರು ಅತ್ತೆ. ಬಲೆ ನೂರು ಮೀಟರ್ ಹೋಗಿತ್ತು."

ಅತ್ತೆ ತಟ್ಟೆಯಿಂದ ಕೈ ತೆಗೆದರು.

"ಅದನ್ನ ತಿಳ್ಕೊಳೋಕೆ ನೀನು ಸಮುದ್ರಕ್ಕೆ ಹೋಗ್ಬೇಕಾಯ್ತಾ?"

ಎದ್ದು ಹೋದರು. ನಾನು ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿದೆ. ರುಚಿ ಗೊತ್ತಾಗಲಿಲ್ಲ. ನಾಚಿಕೆ ಮಾತ್ರ ಗೊತ್ತಾಯಿತು. ಎರಡೂವರೆ ತಿಂಗಳಲ್ಲಿ ನನಗೆ ಗೊತ್ತಾದ ಮೊದಲ ಸಂಗತಿ ಅದು.

ಜೂನ್ 28, ಶುಕ್ರವಾರ, ಮಧ್ಯಾಹ್ನ

ಮೇಡಂಗೆ ಲೆಕ್ಕ ತೋರಿಸಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ನಿಜವಾಗ್ಲೂ ಹೋಗಿವೆ. ಶಂಕೆ ತೆಗೆದುಬಿಡಿ. ಸೊನ್ನೆ ಸೊನ್ನೆಯಾಗೇ ಚಾರ್ಟಿಗೆ ಹೋಗ್ಲಿ."

ರಿಜಿಸ್ಟರಿನಲ್ಲಿ ಅಳಿಸುವಂತಿಲ್ಲ. ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ ಹಾಕಬೇಕು. ಮೊದಲನೇ ಸಾಲಿಗೆ ಬರೆದೆ: ಆಳ ಸರಿಯಿದೆ. ಎರಡನೆಯದಕ್ಕೂ ಅದೇ. ಮೂರಕ್ಕೂ. ಏಳನೆಯದಕ್ಕೆ ಬಂದಾಗ ಅಕ್ಷರ ಕಾಣದಾಯಿತು. ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ. ಬಂದು ಉಳಿದ ಐದು ಬರೆದೆ.

ಇಷ್ಟು ದಿನ ಇವರು ಸುಳ್ಳುಗಾರರಾಗಿರಲಿ ಎಂದು ಬೇಡಿಕೊಂಡಿದ್ದೆನಲ್ಲ. ಒಂದೇ ಒಂದು ವಾರ, ಕೈ ಸೋತು, ಐವತ್ತಕ್ಕೇ ನಿಲ್ಲಿಸಿದ್ದರೂ — ಕ್ಷಮಿಸಿಬಿಡುತ್ತಿದ್ದೆ. ಆಗ ಕೆಳಗೆ ಬುಡ್ಡಿಗಳಾದರೂ ಉಳಿದಿರುತ್ತಿದ್ದವು.