ಇಪ್ಪತ್ತೆರಡು ವರ್ಷ ತಪ್ಪದ ಊಹೆ

ಮೈಸೂರು,
ಫೆಬ್ರವರಿ 30, 2231

ಹಿಂದಿನವರಿಗೆ ಮುಂದಿನವನ ನಮಸ್ಕಾರ.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ಫೆಬ್ರವರಿಗೆ ಶತಮಾನಗಳಿಂದ ಅನ್ಯಾಯವಾಗಿದೆ ಎಂದು ನಮ್ಮವರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮ್ಮ ಮಾತು ನಮಗೂ ಹಾಗೆಯೇ. ‘ಟ್ರಾಫಿಕ್ ಜಾಮ್’ ಅಂದರೆ ಬ್ರೆಡ್ಡಿಗೆ ಹಚ್ಚುವ ಯಾವುದೋ ಜಾಮು ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ನನ್ನ ಹೆಸರು ಮರಿಮಾದಯ್ಯ. ವಯಸ್ಸು ಎಪ್ಪತ್ತೆಂಟು, ಬುದ್ಧಿಗೆ ಇನ್ನೂ ಎಂಟು. ದೇವರಾಜ ಪೇಟೆಯಲ್ಲಿ ಪೇಟ ಕಟ್ಟುವವನು ನಾನು. ನನಗೊಂದು ಗುಟ್ಟು ಹೇಳಿಕೊಳ್ಳಬೇಕಾಗಿದೆ. ಇಲ್ಲಿ ಯಾರಿಗೆ ಹೇಳಿದರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಹಿಂದಂಚೆಯಲ್ಲಿ ನಿಮಗೆ ಕಳಿಸುತ್ತಿದ್ದೇನೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಕಾಗದ ಹೋಗುತ್ತದೆ, ಉತ್ತರ ಬರುವುದಿಲ್ಲ. ನೀವು ನನ್ನ ಗುಟ್ಟನ್ನು ಯಾರಿಗೆ ಬೇಕಾದರೂ ಹೇಳಿ, ಅದು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಯಾರೂ ನಂಬುವುದಿಲ್ಲ.

ನಮ್ಮಲ್ಲಿ ವರ್ಷಕ್ಕೊಮ್ಮೆ ಸಿನಿಮಾದವರಿಗೆ ಪ್ರಶಸ್ತಿ ಕೊಡುತ್ತೇವೆ, ನಿಮ್ಮಲ್ಲಿದ್ದ ಹಾಗೆಯೇ. ಗೊಂಬೆ, ಫಲಕ ಯಾವುದೂ ಇಲ್ಲ. ಗೆದ್ದವರ ತಲೆಗೆ ಬೆಳ್ಳಿ ಜರಿಯ ಪೇಟ ಇಡುತ್ತಾರೆ, ಗಂಡಸಾಗಲಿ ಹೆಂಗಸಾಗಲಿ. ಪ್ರಶಸ್ತಿಯ ಹೆಸರೇ ಬೆಳ್ಳಿಪೇಟ. ಯಾರು ಗೆಲ್ಲುತ್ತಾರೆಂದು ಹಿಂದೆಲ್ಲ ಯಂತ್ರಗಳು ಹೇಳುತ್ತಿದ್ದವಂತೆ. ಅವು ಒಂದೂ ತಪ್ಪದೆ ಹೇಳಿ ಹೇಳಿ, ಕೊನೆಗೆ ಜನ ಸಮಾರಂಭಕ್ಕೆ ಬರುವುದನ್ನೇ ಬಿಟ್ಟರು. ಗೆದ್ದವರು ಖಾಲಿ ಕುರ್ಚಿಗಳಿಗೆ ಧನ್ಯವಾದ ಹೇಳಬೇಕಾಯಿತು. ಆಮೇಲೆ ಯಂತ್ರದ ಬಾಯಿ ಮುಚ್ಚಿಸಿ ಮನುಷ್ಯರ ಬಾಯಿ ತೆರೆಸಿದರು. ಈಗ ಊರೂರಿಗೂ ಒಂದು ಊಹೆಕಟ್ಟೆ ಇದೆ. ಸಮಾರಂಭಕ್ಕೆ ಹತ್ತು ದಿನ ಮೊದಲು ಕಲ್ಲುಕಟ್ಟೆ ಹತ್ತಿ, ಹತ್ತು ಜನರ ಮುಂದೆ ತಮ್ಮ ಊಹೆ ಹೇಳಬೇಕು. ಹೇಳಿದ ಮೇಲೆ ಮುಗಿಯಿತು. ಮಾತು ಬದಲಾಯಿಸಿದವರು ತಮ್ಮ ತಲೆಯ ಪೇಟ ತಾವೇ ತೆಗೆದು ಕಟ್ಟೆ ಇಳಿಯಬೇಕು, ಮತ್ತೆ ಜನ್ಮದಲ್ಲಿ ಹತ್ತುವ ಹಾಗಿಲ್ಲ. ಎಲ್ಲರದೂ ಒಂದೆರಡು ಊಹೆ ನಿಜವಾಗುತ್ತದೆ, ಉಳಿದದ್ದೆಲ್ಲ ಊಹೂಂ. ನನ್ನ ಊಹೆ ಮಾತ್ರ ಇಪ್ಪತ್ತೆರಡು ವರ್ಷದಿಂದ ಒಂದೂ ತಪ್ಪಿಲ್ಲ. ನಾನು ಕಟ್ಟೆ ಹತ್ತಿದರೆ ಜನ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ನನ್ನ ನಾಲಿಗೆಯ ಮೇಲೆ ಬೆಟ್ಟದ ದೇವರು ಮಾದಪ್ಪ ಕೂತಿದ್ದಾನೆ ಅನ್ನುತ್ತಾರೆ.

ಮಾದಪ್ಪನೂ ಇಲ್ಲ, ಮಣ್ಣೂ ಇಲ್ಲ. ಪೇಟ ಕಟ್ಟಬೇಕಾದರೆ ತಲೆಯ ಅಳತೆ ಬೇಕಲ್ಲ? ಪ್ರಶಸ್ತಿ ಸಮಿತಿ ಹದಿನೈದು ದಿನ ಮೊದಲು ನನಗೊಂದು ತಲೆಪಟ್ಟಿ ಕಳಿಸುತ್ತದೆ. ಅದರಲ್ಲಿ ಹೆಸರಿಲ್ಲ. ನಟನೆಗೆ ಇಷ್ಟು ಇಂಚು, ನಿರ್ದೇಶನಕ್ಕೆ ಇಷ್ಟು ಇಂಚು, ಅಷ್ಟೇ. ಗುಟ್ಟನ್ನು ಭದ್ರವಾಗಿ ಕಾಪಾಡಿದ್ದೇವೆಂದು ಅವರು ನೆಮ್ಮದಿಯಾಗಿದ್ದಾರೆ. ನಾನು ಐವತ್ತು ವರ್ಷ ಮುಹೂರ್ತ, ನೂರನೇ ದಿನ, ಮದುವೆ ಎಂದು ಸಿನಿಮಾದವರಿಗೆಲ್ಲ ಪೇಟ ಕಟ್ಟಿದವನು ಎಂಬುದು ಅವರ ತಲೆಗೆ ಹೋಗಿಲ್ಲ. ಎಲ್ಲರ ತಲೆಯೂ ಇಂಚು ಸಮೇತ ನನ್ನ ಪುಸ್ತಕದಲ್ಲಿದೆ. ಒಮ್ಮೆ ಒಬ್ಬ ಜಂಭದ ನಟನ ಪೇಟದ ಮಡಿಕೆಯಲ್ಲಿ ಜೀರುಂಡೆ ಇಟ್ಟು ಕಳಿಸಿದ್ದೆ. ಅವನು ಬಾಯಿ ತೆರೆದಾಗಲೆಲ್ಲ ತಲೆ ಜೀರ್ ಅನ್ನುತ್ತಿತ್ತು. ಅಂಥ ತರಲೆಯ ಕೈಗೆ ತಲೆಪಟ್ಟಿ ಸಿಕ್ಕಿದರೆ ಸುಮ್ಮನಿರುತ್ತಾನೆಯೇ?

ಈ ವರ್ಷದ ಪಟ್ಟಿಯೂ ಸಲೀಸಾಗಿಯೇ ಇತ್ತು, ಸದ್ದಿನ ಪ್ರಶಸ್ತಿಯೊಂದನ್ನು ಬಿಟ್ಟು. ನಮ್ಮ ಸಿನಿಮಾಕ್ಕೆ ವಾಸನೆಯೂ ಇದೆ. ಒಗ್ಗರಣೆಯ ದೃಶ್ಯ ಬಂದರೆ ಇಡೀ ಚಿತ್ರಮಂದಿರ ಸೀನುತ್ತದೆ. ಆದರೆ ಸದ್ದನ್ನು ಮಾತ್ರ ಇನ್ನೂ ಕೈಯಲ್ಲೇ ಮಾಡುತ್ತಾರೆ. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡುತ್ತದೆ, ಮೊರದಲ್ಲಿ ಅವಲಕ್ಕಿ ಜಾರಿಸಿದರೆ ಮಳೆ ಬರುತ್ತದೆ. ಈ ಕೆಲಸದಲ್ಲಿ ಚೆನ್ನಾಜಮ್ಮನವರಿಗಿಂತ ದೊಡ್ಡವರಿಲ್ಲ. ಅವರಿಗೆ ಎಂಬತ್ತನಾಲ್ಕು. ಈ ವರ್ಷ ಬಿಟ್ಟು ಹದಿನಾಲ್ಕು ಸಲ ಅವರ ಹೆಸರು ಕೊನೆಯ ಸುತ್ತಿಗೆ ಬಂದಿದೆ. ಹದಿನಾಲ್ಕು ಸಲವೂ ರೇಷ್ಮೆ ಸೀರೆ ಉಟ್ಟು ಹೋಗಿ, ಬೇರೆಯವರಿಗೆ ಕೈಕುಲುಕಿ ಬಂದಿದ್ದಾರೆ.

ತಲೆಪಟ್ಟಿಯಲ್ಲಿ ಸದ್ದಿಗೆ ಇಪ್ಪತ್ತೊಂದೂವರೆ ಇಂಚು ಎಂದಿತ್ತು. ಪುಸ್ತಕದಲ್ಲಿ ಆ ಅಳತೆಗೆ ಎರಡು ತಲೆ ಸಿಕ್ಕವು. ಒಂದು ಚೆನ್ನಾಜಮ್ಮನವರದು, ಇನ್ನೊಂದು ಅವರ ಹತ್ತಿರವೇ ಕೆಲಸ ಕಲಿತ ನೀಲಾಂಬಿಕೆಯದು. ಯಾವತ್ತೂ ನಾನು ಅಳೆಯುತ್ತಿದ್ದೆ, ಊಹೆ ಮಾಡಿದವನಲ್ಲ. ಅವತ್ತು ಮನಸ್ಸು ಆಸೆಪಟ್ಟಿತು. ಕಟ್ಟೆ ಹತ್ತಿ, ಎದೆ ಸೆಟೆಸಿ, “ಸದ್ದಿಗೆ ಚೆನ್ನಾಜಮ್ಮ” ಎಂದೆ. ಜನ ಕುಣಿದರು.

ಸಮಾರಂಭ ನಾಳೆ. ಇವತ್ತು ಬೆಳಿಗ್ಗೆ ಚೆನ್ನಾಜಮ್ಮನವರೇ ನನ್ನ ಅಂಗಡಿಗೆ ಬಂದರು. ತಲೆಗೆ ಸೆರಗು ಹೊದ್ದಿದ್ದರು, ಕೈಯಲ್ಲಿ ಒಬ್ಬಟ್ಟಿನ ಡಬ್ಬಿ.

“ತಗೊಳಯ್ಯ ಮಾದಯ್ಯ, ನಿನ್ ಬಾಯಿಗೆ ಸಕ್ಕರೆ ಹಾಕುವ ಅಂದ್ಕಂಡೆ. ಸಕ್ಕರೆ ನಿಂಗಾಗಕಿಲ್ಲ ಅಂತ ಬೆಲ್ಲದಲ್ಲೇ ಮಾಡ್ದೆ” ಅಂದವರು ಸೆರಗು ಸರಿಸಿದರು.

ತಲೆ ನುಣ್ಣಗೆ ಬೋಳು.

“ಏನಕ್ಕಾ ಇದು?”

“ಗೆದ್ರೆ ಮುಡಿ ಕೊಡ್ತೀನಿ ಅಂತ ಮಾದಪ್ಪಂಗೆ ಹರಕೆ ಹೊತ್ತಿದ್ದೆ ಕಣಯ್ಯ, ಮೊದಲನೇ ಸಲಾನೇ. ನೀನು ಹೇಳಿದ್ಮೇಲೆ ಗೆದ್ದಂಗೇ ಅಲ್ವಾ? ಬೆಟ್ಟಕ್ಕೆ ಹೋಗಿ ಮೊದಲೇ ಕೊಟ್ಬುಟ್ಟೆ. ಸಭೇಲಿ ಪೇಟ ಸರಿಯಾಗಿ ಕೂರ್ಲಿ ಅಂತ!”

ಅವರು ನಗುತ್ತಿದ್ದರು, ನಾನು ತಲೆ ನೋಡುತ್ತಿದ್ದೆ. ಐವತ್ತು ವರ್ಷ ತಲೆ ನೋಡಿದ ಕಣ್ಣಿಗೆ ಟೇಪು ಬೇಕಾಗಿಲ್ಲ. ಎದುರಿಗಿದ್ದದ್ದು ಇಪ್ಪತ್ತು ಇಂಚಿನ ತಲೆ. ಆಗ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಯಾವುದೋ ನೂರನೇ ದಿನದ ಸಮಾರಂಭದಲ್ಲಿ ಅವರನ್ನು ಅಳೆದಿದ್ದೆ. ಮೊಳಕಾಲಿನವರೆಗೆ ಬರುತ್ತಿದ್ದ ಜಡೆಯನ್ನು ತಲೆಗೆ ಸುತ್ತಿಕೊಂಡಿದ್ದರು. ಬಿಚ್ಚಿ ಅಂದರೆ, ಮತ್ತೆ ಸುತ್ತೋರು ಯಾರು ನಿಮ್ಮಪ್ಪನಾ ಅಂದಿದ್ದರು. ಜಡೆಯ ಮೇಲೆಯೇ ಟೇಪು ಹಿಡಿದು ಬರೆದುಕೊಂಡಿದ್ದೆ. ಸಮಿತಿ ಕಳಿಸುವುದು ಜಡೆ ಬಿಚ್ಚಿದ ಬರಿತಲೆಯ ಅಳತೆ.

ಸುಳ್ಳು ಹೇಳಿ ಅಭ್ಯಾಸವಿದೆ, ಆದರೆ ಆ ಬೋಳು ತಲೆಯ ಮುಂದೆ ಒಂದೂ ಹುಟ್ಟಲಿಲ್ಲ. ಕೂರಿಸಿ, ತಲೆಪಟ್ಟಿ ತೋರಿಸಿ, ಎಲ್ಲವನ್ನೂ ಹೇಳಿದೆ. ಅವರು ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡರು.

“ಥೂ ನಿನ್ನ. ಇಷ್ಟ್ ವರ್ಷ ದೇವರು ನುಡಿಸ್ತಾನೆ ಅಂತ ನಿಂಗೆ ಕೈ ಮುಗೀತಿದ್ನಲ್ಲೋ, ಟೇಪಿಗೆ ಮುಗೀಬೇಕಿತ್ತು.”

“ತಪ್ಪಾಯ್ತಕ್ಕಾ. ಕೂದಲು...”

“ಕೂದಲು ಬೆಳೀತದೆ ಬುಡು. ನಿನ್ನಂಗೆ ಮ್ಯಾಲೆ ಬರೀ ಬಯಲಾ ನಂದು? ಈಗ ಹೇಳು, ಯಾರಿಗೆ ಬಂದದೆ?”

“ನೀಲಾಂಬಿಕೆಗೆ.”

ಅವರ ಮುಖದಲ್ಲಿ ಎರಡು ಹವಾಮಾನ ಒಟ್ಟಿಗೇ ಬಂದು ಹೋಯಿತು. “ನಮ್ ನೀಲಂಗಾ? ಮೊದಲನೇ ಸಲಕ್ಕೇ?” ಅಂದರು. ಆಮೇಲೆ ಬೇರೆಯದೇ ದನಿಯಲ್ಲಿ, “ಅಯ್ಯೋ, ಆ ಮಗೀನ ಗತಿ ಏನೋ ನಾಳೆ?” ಅಂದರು.

ನನಗೆ ಅರ್ಥವಾಗಲಿಲ್ಲ.

“ನೀನು ಹೇಳಿದ್ದು ಸುಳ್ಳಾಗಾಕಿಲ್ಲ ಅಂತ ಊರೇ ನಂಬದೆ. ನಾಳೆ ಅವಳ ಹೆಸರು ಓದಿದ್ರೆ ಸಭೆ ಗಪ್‌ಚಿಪ್ ಆಯ್ತದೆ. ಮುದುಕೀದು ಪೇಟ ಅವಳು ಕಿತ್ಕಂಡ್ಳು ಅಂತಾರೆ. ಆ ಗಪ್‌ಚಿಪ್ಪಲ್ಲಿ ಅವಳು ಮೆಟ್ಲು ಹತ್ಬೇಕಲ್ಲೋ. ಹದಿನಾಲ್ಕು ಸಲ ಸೋತಿವ್ನಿ, ಅಂಥಾದ್ದು ನಂಗೂ ಆಗಿಲ್ಲ. ಎದ್ದೇಳು. ಕಟ್ಟೆ ಹತ್ತಿ, ನಂದು ತಪ್ಪು, ಗೆಲ್ಲೋಳು ನೀಲಾಂಬಿಕೆ ಅನ್ನು.”

“ಮಾತು ಬದಲಾಯಿಸಿದ್ರೆ ಪೇಟ ತೆಗೀಬೇಕಕ್ಕಾ. ಇನ್ಯಾವತ್ತೂ ಹತ್ತಂಗಿಲ್ಲ.”

“ನಾನು ಕೂದಲೇ ತೆಗ್ಸಿವ್ನಿ. ನಿಂದು ಬರೀ ಬಟ್ಟೆ.”

ಕಟ್ಟೆಗೆ ಹೋಗುವ ಮೊದಲು ಒಂದು ಕಾಗದ ಬರೆಯಲು ಸಮಯ ಕೇಳಿಕೊಂಡೆ. ಅವರು ಎದುರಿಗೆ ಕೂತು, ನನಗೆಂದು ತಂದ ಒಬ್ಬಟ್ಟನ್ನು ತಾವೇ ತಿನ್ನುತ್ತಾ ಕಾಯುತ್ತಿದ್ದಾರೆ. ತಲೆಪಟ್ಟಿಯ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲವಂತೆ, ನಾನು ಹೋಗಿ ಬರುವವರೆಗೆ ಮಾತ್ರ.

ಭಯವೇನೂ ಇಲ್ಲ ನನಗೆ. ಜನ ನಗುತ್ತಾರೆ. ನಗಲಿ, ಬದುಕಿಡೀ ನಗಿಸುವುದನ್ನೇ ಮಾಡಿದ್ದೇನೆ. ಇಪ್ಪತ್ತೆರಡು ವರ್ಷ ನೋಡಿಕೊಂಡು ಹೇಳಿದೆ. ಈಗ ಕಟ್ಟೆ ಇಳಿಯುವ ಮೊದಲು ನಿಮಗೊಂದು ನಿಜವಾದ ಊಹೆ ಹೇಳುತ್ತೇನೆ, ಯಾವ ಪಟ್ಟಿಯಲ್ಲೂ ಇಲ್ಲದ್ದು. ನಾಳೆ ನೀಲಾಂಬಿಕೆಯ ಹೆಸರು ಓದಿದ ಕೂಡಲೇ ಮುಂದಿನ ಸಾಲಿನಲ್ಲಿ ಮೊದಲು ಏಳುವ ತಲೆ ಬೋಳು ತಲೆಯಾಗಿರುತ್ತದೆ. ಅದರ ಹಿಂದೆ ಸಭೆಯೆಲ್ಲ ಏಳುತ್ತದೆ. ಬರೆದಿಟ್ಟುಕೊಳ್ಳಿ.

ನಿಮ್ಮಲ್ಲೂ ಯಾರು ಗೆಲ್ಲುತ್ತಾರೆಂದು ಪಟ್ಟಿ ಮಾಡುವವರು ಬೇಕಾದಷ್ಟು ಜನರಿದ್ದಾರಂತೆ. ಮಾಡಿ, ಧೈರ್ಯವಾಗಿ ಮಾಡಿ, ಅದರ ರುಚಿಯೇ ಬೇರೆ. ಒಂದೇ ಕೋರಿಕೆ. ಆ ದಿನ ನೀವು ಹೇಳದ ಹೆಸರು ಕೇಳಿಬಂದರೆ ಮೆಟ್ಟಿಲು ಹತ್ತುತ್ತಿರುವವರನ್ನು ಒಂದು ಸಲ ನೋಡಿ. ಕೈಕೊಟ್ಟ ಊಹೆಯನ್ನು ಅಲ್ಲೇ ಕೈಬಿಟ್ಟು, ಕೈ ತಟ್ಟಿ.

ಬರುತ್ತೇನೆ. ಡಬ್ಬಿಯಲ್ಲಿ ಒಂದೇ ಒಬ್ಬಟ್ಟು ಉಳಿದಿದೆ, ಅಕ್ಕನ ಕೈ ಅದರ ಕಡೆಗೇ ಹೋಗುತ್ತಿದೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಗನ ಸರೀಕ,
ಮರಿಮಾದಯ್ಯ