ಲೊಚಗುಟ್ಟಿದರೂ ಕದಲಲಿಲ್ಲ

ನವೆಂಬರ್ 14, ಯಾವಗಲ್

ಗೆದ್ದೆ. ಆದರೂ ಒಂದು ಮಾತು ಬಾಯಲ್ಲೇ ಉಳಿದು ಕೊರೆಯುತ್ತಿದೆ.

ಹೋದ ವರ್ಷ ರೋಣದಲ್ಲಿ ನೂರು ಮೀಟರ್ ಓಟಕ್ಕೆ ಬಗ್ಗಿ ನಿಂತಾಗ, ಪಕ್ಕದ ಸ್ಫೂರ್ತಿ ಎತ್ತು ಹೊಡೆಯುವವರಂತೆ ನಾಲಿಗೆ ಲೊಚಗುಟ್ಟಿದಳು. ಚಕ್ಕಡಿಯ ಮೇಲೆ ಬೆಳೆದವಳು ನಾನು, ಆ ಸದ್ದೆಂದರೆ ಹೊರಡು ಎಂದೇ. ಶಿಳ್ಳೆಗೆ ಮೊದಲೇ ಓಡಿಬಿಟ್ಟೆ. ಹೊರಗೆ ಹಾಕಿದರು. "ಎತ್ತಿನ ತಲಿ ಐತಿ ಇಕಿಗೆ," ಎಂದು ಸ್ಫೂರ್ತಿ ನಕ್ಕಳು.

ಅಂದಿನಿಂದ ದಿನಾ ಸಂಜೆ ಅವ್ವ ಬೆನ್ನ ಹಿಂದೆ ನಿಂತು ಲೊಚಗುಟ್ಟುತ್ತಾಳೆ. ನಾನು ಕದಲಬಾರದು, ಚಪ್ಪಾಳೆಗೆ ಮಾತ್ರ ಓಡಬೇಕು. ಮೊದಲ ತಿಂಗಳು ಕಾಲು ತಾನೇ ಹೊರಡುತ್ತಿತ್ತು. "ತಲಿಗೂ ಮೂಗುದಾರ ಹಾಕಬೇಕವಾ," ಎನ್ನುತ್ತಿದ್ದಳು ಅವ್ವ.

ಇವತ್ತು ನರಗುಂದದಲ್ಲಿ ಸ್ಫೂರ್ತಿ ಮತ್ತೆ ಲೊಚಗುಟ್ಟಿದಳು. ನಾನು ಕದಲಲಿಲ್ಲ. ಶಿಳ್ಳೆ ಕೇಳಿಯೇ ಓಡಿದೆ.

ಆಮೇಲೆ, ಸೋತು ಏದುಸಿರು ಬಿಡುತ್ತಿದ್ದವಳ ಬೆನ್ನು ಚಪ್ಪರಿಸಿ, ಕಿವಿಯ ಬಳಿ ಮೆಲ್ಲಗೆ ಲೊಚಗುಟ್ಟಿದೆ. "ನಡಿ, ನೀರ ಕುಡಸ್ತೀನಿ," ಎಂದೆ.

ಮೇವು ಹಾಕ್ತೀನಿ ಅಂತಲೂ ಅನ್ನಬೇಕಿತ್ತು.